ಬಾಡಿಗೆ ಮನೆ ಬಿಟ್ಟ ಮೇಲೆ ಅಡ್ವಾನ್ಸ್‌ನಲ್ಲಿ ಮುರಿದುಕೊಂಡ ದುಡ್ಡನ್ನು ಕೇಳಿ ಪಡೆಯುವ ಬಗೆ

ಮನೆ ಖಾಲಿ ಮಾಡಿ ಕೀ ಕೊಟ್ಟ ವಾರದಲ್ಲಿ ಓನರ್ ಕಡೆಯಿಂದ ಬರುವ ಮೆಸೇಜ್ ಬೆಂಗಳೂರಿನಲ್ಲಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: "ಪೇಂಟಿಂಗ್, ಕ್ಲೀನಿಂಗ್, ರಿಪೇರಿ ಎಲ್ಲ ಸೇರಿ ಐವತ್ತು ಸಾವಿರ ಆಯ್ತು. ಉಳಿದದ್ದು ಅಕೌಂಟಿಗೆ ಹಾಕಿದ್ದೀನಿ." ಯಾವುದಕ್ಕೆ ಎಷ್ಟು ಅನ್ನುವುದು ಅದರಲ್ಲಿ ಇರುವುದಿಲ್ಲ. ಬಾಡಿಗೆದಾರರಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ. ಒಟ್ಟು ಮೊತ್ತದ ಮೇಲೆ ವಾದಕ್ಕೆ ನಿಂತರೆ ಅದು ಚೌಕಾಸಿಯಾಗುತ್ತದೆ. ಓನರ್ ಎರಡು ಮೂರು ಸಾವಿರ ಬಿಟ್ಟುಕೊಟ್ಟರೆ ಮಾತು ಮುಗಿಯಿತು. ಮೊತ್ತವನ್ನು ಬಾಬತ್ತು ಬಾಬತ್ತಾಗಿ ಬಿಡಿಸಿಕೊಂಡು, ಒಪ್ಪಬೇಕಾದ್ದನ್ನು ಒಪ್ಪಿ, ಉಳಿದ ಒಂದೊಂದಕ್ಕೂ ಬರವಣಿಗೆಯಲ್ಲಿ ಉತ್ತರ ಕೊಟ್ಟರೆ ಮಾತ್ರ ನ್ಯಾಯವಾದ ದುಡ್ಡು ಕೈಗೆ ಬರುತ್ತದೆ.

ಮೊದಲು, ಯಾವ ಕಾನೂನು ನಿಮ್ಮ ಕಡೆ ಇದೆ

2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೂಡದು ಎಂದಿದೆ. ಅದನ್ನು ಹಿಡಿದು ಓನರ್ ಜೊತೆ ವಾದಕ್ಕೆ ಇಳಿಯಬೇಡಿ. ಅದು ಕೇಂದ್ರ ಕೊಟ್ಟ ಮಾದರಿ. ರಾಜ್ಯ ಅದರಂತೆ ತನ್ನ ಕಾನೂನು ಮಾಡಿಕೊಂಡರೆ ಮಾತ್ರ ಅನ್ವಯ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಕೂಡ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ತಿಂಗಳಿಗೆ 3,500 ರೂ.ಗಿಂತ ಹೆಚ್ಚು ಬಾಡಿಗೆ ಇರುವ ಮನೆಗಳನ್ನು ಅದು ಹೊರಗಿಟ್ಟಿದೆ. ಬೆಂಗಳೂರಿನಲ್ಲಿ ಆ ಬಾಡಿಗೆಗೆ ಈಗ ಮನೆ ಎಲ್ಲಿದೆ?

ನಿಮಗೆ ಆಧಾರ ಮೂರು. ಒಂದು, ನಿಮ್ಮ ಅಗ್ರಿಮೆಂಟ್. ಎರಡು, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂನ (ಎಂ) ಉಪಖಂಡ: ಬಾಡಿಗೆದಾರ ಮನೆಯನ್ನು ತಾನು ಪಡೆದಾಗ ಇದ್ದ ಸ್ಥಿತಿಯಲ್ಲಿ ಹಿಂತಿರುಗಿಸಬೇಕು, ಆದರೆ ಸಹಜ ಸವೆತ ಮತ್ತು ತಡೆಯಲಾಗದ ಕಾರಣದಿಂದ ಆದ ಬದಲಾವಣೆ ಅವನ ಹೊಣೆಯಲ್ಲ. ಮೂರು, 1872ರ ಕರಾರು ಕಾಯ್ದೆಯ 73 ಮತ್ತು 74ನೇ ಕಲಂಗಳು: ಕರಾರು ಮುರಿದದ್ದಕ್ಕೆ ಸಿಗುವುದು ಸಮಂಜಸ ಪರಿಹಾರ ಮಾತ್ರ, ಅಗ್ರಿಮೆಂಟಿನಲ್ಲಿ ದಂಡದ ಮೊತ್ತ ಬರೆದಿದ್ದರೂ ಅದು ಮೇಲಿನ ಮಿತಿ, ಅಷ್ಟೂ ಸಿಗಲೇಬೇಕೆಂದಿಲ್ಲ.

ಆದ್ದರಿಂದ ಪ್ರತಿ ಬಾಬತ್ತಿಗೂ ಮೂರು ಪ್ರಶ್ನೆ. ಅಗ್ರಿಮೆಂಟಿನಲ್ಲಿ ಇದೆಯೇ? ಇದು ಹಾನಿಯೋ, ಬಳಸಿ ಸವೆದದ್ದೋ? ಹಾನಿಯೇ ಆದರೆ, ನಿಜವಾದ ನಷ್ಟ ಎಷ್ಟು?

ಕೀ ಕೊಡುವ ಮುಂಚೆ

ಈಗಾಗಲೇ ಖಾಲಿ ಮಾಡಿದ್ದರೆ ಮುಂದಿನ ಭಾಗಕ್ಕೆ ಹೋಗಿ. ಇನ್ನೂ ಮನೆಯಲ್ಲೇ ಇದ್ದರೆ ಈ ಒಂದು ದಿನದ ಕೆಲಸ ಮುಂದಿನ ಆರು ತಿಂಗಳ ತಲೆನೋವು ತಪ್ಪಿಸುತ್ತದೆ.

ಸಾಮಾನೆಲ್ಲ ಲಾರಿಗೆ ಏರಿದ ಮೇಲೆ, ಕರೆಂಟ್ ಇರುವಾಗ, ಹಗಲು ಬೆಳಕಿನಲ್ಲಿ ಮನೆಯ ವಿಡಿಯೊ ಮಾಡಿ. ಮಧ್ಯೆ ನಿಲ್ಲಿಸದೆ ಮುಖ್ಯ ಬಾಗಿಲಿನಿಂದ ಶುರುಮಾಡಿ ಪ್ರತಿ ಕೋಣೆಯ ನಾಲ್ಕೂ ಗೋಡೆ, ಚಾವಣಿ, ನೆಲ ತೋರಿಸಿ. ನಲ್ಲಿ ತಿರುಗಿಸಿ ನೀರು ಬರುವುದು, ಫ್ಲಶ್ ಒತ್ತುವುದು, ಪ್ರತಿ ಸ್ವಿಚ್ ಹಾಕುವುದು, ಗೀಸರ್ ದೀಪ ಹತ್ತುವುದು, ಕಿಟಕಿ ಜಾರುವುದು, ಕಪಾಟಿನ ಬಾಗಿಲು ಮುಚ್ಚುವುದು ಎಲ್ಲ ಅದರಲ್ಲಿ ಇರಲಿ. ಸಿಂಕ್ ಕೆಳಗಿನ ಪೈಪು ಮತ್ತು ಬಚ್ಚಲ ಬಾಗಿಲಿನ ಕೆಳ ಅಂಚನ್ನು ಮರೆಯಬೇಡಿ; ಆಮೇಲೆ ತಕರಾರು ಹುಟ್ಟುವುದು ಅಲ್ಲೇ. ಬೆಸ್ಕಾಂ ಮೀಟರಿನ ರೀಡಿಂಗ್ ಮತ್ತು ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ಗುರುತು ಸಂಖ್ಯೆ) ಒಂದೇ ಫೋಟೊದಲ್ಲಿ ಬರುವಂತೆ ತೆಗೆಯಿರಿ.

ಆಮೇಲೆ ಓನರ್ ಜೊತೆ ಮನೆ ಸುತ್ತಿ, ಒಂದು ಹಾಳೆಯಲ್ಲಿ ಬರೆಯಿರಿ: ತಾರೀಕು, ಮೀಟರ್ ರೀಡಿಂಗ್, ಕೊಟ್ಟ ಕೀಗಳ ಸಂಖ್ಯೆ, ಫ್ಯಾನ್, ಲೈಟ್, ಗೀಸರ್ ಎಷ್ಟೆಷ್ಟು, ಕಂಡ ಹಾನಿ ಏನೇನು. ಇಬ್ಬರೂ ಸಹಿ ಹಾಕಿ. ಸಹಿ ಹಾಕಲು ಓನರ್ ಹಿಂಜರಿದರೆ ಅದೇ ಹಾಳೆಯ ಫೋಟೊವನ್ನು ಅಲ್ಲೇ ನಿಂತು ಅವರಿಗೆ ವಾಟ್ಸಾಪ್ ಮಾಡಿ, "ಈಗ ನಾವಿಬ್ಬರೂ ನೋಡಿದ ಪಟ್ಟಿ" ಎಂದು ಕೆಳಗೆ ಬರೆಯಿರಿ.

ದುಡ್ಡು ಬರುವವರೆಗೆ ಕೀ ಇಟ್ಟುಕೊಳ್ಳಬೇಕೆಂದು ಹೇಳುವವರು ಬಹಳ ಮಂದಿ. ಓನರ್ ಎದುರಿಗೆ ನಿಂತು ಅಕೌಂಟಿಗೆ ಹಾಕಿ ಕೀ ಪಡೆಯುವುದಾದರೆ ಅದೇ ಅತ್ಯುತ್ತಮ. ಆದರೆ ಕೀ ತಿಂಗಳುಗಟ್ಟಲೆ ನಿಮ್ಮ ಹತ್ತಿರವೇ ಇದ್ದರೆ ಮನೆ ನಿಮ್ಮ ವಶದಲ್ಲಿತ್ತು ಎಂದು ಆ ತಿಂಗಳುಗಳ ಬಾಡಿಗೆಯನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಹಾಗೆಯೇ ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಿ ಎನ್ನುವ ರೂಢಿ: ಓನರ್ "ಆಯ್ತು" ಎಂದು ಬರೆದು ಕಳಿಸಿದ್ದರೆ ಸರಿ. ಬಾಯಿಮಾತಿನಲ್ಲಿ ಬಿಟ್ಟರೆ ಅದು ಬಾಕಿ ಬಾಡಿಗೆ ಆಗುತ್ತದೆ, ನಿಮ್ಮ ವಾದ ಅಲ್ಲೇ ಮೆತ್ತಗಾಗುತ್ತದೆ.

ಕಡಿಮೆ ದುಡ್ಡು ಬಂದ ದಿನವೇ ಕಳಿಸಬೇಕಾದ ಮೆಸೇಜ್

ಬಂದ ದುಡ್ಡನ್ನು ವಾಪಸ್ ಮಾಡಬೇಡಿ. ಸುಮ್ಮನೆಯೂ ಇರಬೇಡಿ, "ಥ್ಯಾಂಕ್ಯೂ ಸರ್" ಎಂದೂ ಹಾಕಬೇಡಿ. "ಲೆಕ್ಕ ಚುಕ್ತಾ" ಎಂದು ಬರೆದ ಚೀಟಿಗೆ ಸಹಿ ಕೇಳಿದರೆ ಅದರ ಮೇಲೆ "ಭಾಗಶಃ ಪಾವತಿ, ಉಳಿದದ್ದಕ್ಕೆ ತಕರಾರು ಇದೆ" ಎಂದು ಬರೆದೇ ಸಹಿ ಹಾಕಿ. ಮೆಸೇಜ್ ಹೀಗಿರಬಹುದು:

"ಸರ್, ನಮಸ್ಕಾರ. ಎರಡನೇ ಮಹಡಿಯ ಮನೆಯನ್ನು ಮೇ 31ಕ್ಕೆ ಖಾಲಿ ಮಾಡಿ ಮೂರು ಕೀ ಕೊಟ್ಟಿದ್ದೇವೆ. ಅಡ್ವಾನ್ಸ್ 1,50,000 ರೂ. ಪೈಕಿ 99,260 ರೂ. ಇವತ್ತು ಬಂದಿದೆ. ಇದನ್ನು ಭಾಗಶಃ ಪಾವತಿ ಎಂದು ತಗೊಂಡಿದ್ದೇವೆ. ಮುರಿದುಕೊಂಡ 50,740 ರೂ.ಗೆ ಬಾಬತ್ತುವಾರು ವಿವರ, ಬಿಲ್, ಫೋಟೊ ಜೂನ್ 12ರೊಳಗೆ ಕಳಿಸಿಕೊಡಿ. ಬಿಚ್ಚಿದ ಸಾಮಾನು ಇದ್ದರೆ ಎಸೆಯಬೇಡಿ, ನಾವು ಬಂದು ನೋಡುತ್ತೇವೆ."

ಓನರ್ ಫೋನಿನಲ್ಲೇ ಉತ್ತರ ಹೇಳಿದರೆ ಕೇಳಿಸಿಕೊಳ್ಳಿ, ಇಟ್ಟ ಕೂಡಲೇ "ಈಗ ಫೋನಿನಲ್ಲಿ ನೀವು ಹೇಳಿದ್ದು" ಎಂದು ಶುರುಮಾಡಿ ಅದನ್ನೇ ಬರೆದು ಕಳಿಸಿ. ವಯಸ್ಸಾದ ಓನರ್ ಆದರೆ ಮನೆಗೆ ಹೋಗಿ ಮಾತಾಡುವುದೇ ಮರ್ಯಾದೆ, ಫಲವೂ ಹೆಚ್ಚು. ಹೋಗಿ ಬಂದ ಮೇಲೆ ಮೆಸೇಜ್ ಮಾತ್ರ ತಪ್ಪಿಸಬೇಡಿ.

ಒಂದೊಂದೇ ಬಾಬತ್ತು

ಪೇಂಟಿಂಗ್. "ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆ ಹಿಡಿಯಲಾಗುವುದು" ಎಂಬ ಸಾಲು ಬೆಂಗಳೂರಿನ ಬಹುತೇಕ ಅಗ್ರಿಮೆಂಟುಗಳಲ್ಲಿ ಇರುತ್ತದೆ. ಸಹಿ ಹಾಕಿದ್ದರೆ ಅದಕ್ಕಾಗಿ ಬಡಿದಾಡುವುದು ವ್ಯರ್ಥ ಎಂದೇ ನಮ್ಮ ಅಭಿಪ್ರಾಯ. ಒಪ್ಪಿದ ದುಡ್ಡು ಕೊಟ್ಟು ಉಳಿದದ್ದರ ಮೇಲೆ ಶಕ್ತಿ ಇಡಿ. ಆದರೆ ಆ ಒಂದು ತಿಂಗಳು ಕೊಟ್ಟ ಮೇಲೆ ಮೊಳೆ ತೂತು ಮುಚ್ಚಲು, ಪುಟ್ಟಿ ಹಚ್ಚಲು, ಮಕ್ಕಳು ಗೀಚಿದ ಗೋಡೆಗೆ ಅಂತ ಬೇರೆ ಬಿಲ್ ಹಾಕುವಂತಿಲ್ಲ. ಪೇಂಟ್ ಮಾಡುವಾಗ ಆ ಕೆಲಸ ಹೇಗೂ ಅದರಲ್ಲೇ ಬರುತ್ತದೆ. ಒಂದೇ ಗೋಡೆಗೆ ಎರಡು ಸಲ ದುಡ್ಡು ತೆಗೆದುಕೊಳ್ಳುವುದು ಈ ವ್ಯವಹಾರದಲ್ಲಿ ಅತಿ ಸಾಮಾನ್ಯ, ಹಿಡಿಯುವುದೂ ಸುಲಭ.

ಅಗ್ರಿಮೆಂಟಿನಲ್ಲಿ ಪೇಂಟಿಂಗ್ ಮಾತೇ ಇಲ್ಲದಿದ್ದರೆ ಬಣ್ಣ ಮಾಸಿದ್ದು, ಸೋಫಾ ತಗುಲಿ ಕಪ್ಪಾದದ್ದು, ಕ್ಯಾಲೆಂಡರ್ ಮೊಳೆಯ ತೂತು ಎಲ್ಲ ಸಹಜ ಸವೆತದ ಲೆಕ್ಕ. ನಾಲ್ಕು ವರ್ಷ ಇದ್ದ ಮನೆಗೆ ಓನರ್ ಹೇಗೂ ಬಣ್ಣ ಹೊಡೆಸಬೇಕಿತ್ತು ಎಂದು ಬರೆಯಿರಿ. ಟಿವಿ ಬಿಚ್ಚುವಾಗ ಕಿತ್ತುಬಂದ ಪ್ಲಾಸ್ಟರ್, ಕೇಳದೆ ಹೊಡೆಸಿದ ಕಡು ಬಣ್ಣ, ದೇವರ ಗೂಡಿನ ಮೇಲೆ ಕಟ್ಟಿದ ದಟ್ಟ ಹೊಗೆ ಮಸಿ, ಇವು ನಿಮ್ಮವು. ಬಿಲ್ ಬಂದರೆ ಎಷ್ಟು ಚದರಡಿ, ಎಷ್ಟು ಕೋಟ್, ಪುಟ್ಟಿ ಎಲ್ಲೆಲ್ಲಿ ಎಂದು ನೋಡಿ. ಒಂದು ಗೋಡೆ ಕೆಟ್ಟದ್ದಕ್ಕೆ ಇಡೀ ಮನೆಯ ಲೆಕ್ಕ ಹಾಕಿರುತ್ತಾರೆ.

ಸೀಪೇಜ್. ಗೋಡೆ ಉಪ್ಪುಗಟ್ಟಿ ಬಣ್ಣ ಪುಡಿಪುಡಿಯಾಗಿ ಉದುರುವುದು ಬಾಡಿಗೆದಾರರಿಂದ ಆಗುವ ಕೆಲಸವಲ್ಲ. ಆಚೆ ಬದಿಯ ಬಚ್ಚಲಿನಿಂದಲೋ ಮೇಲಿನ ತಾರಸಿಯಿಂದಲೋ ನೀರು ಇಳಿದಿರುತ್ತದೆ. ವಾಟ್ಸಾಪ್‌ನಲ್ಲಿ ಓನರ್ ಹೆಸರಿನಡಿ "ಲೀಕ್", "ಸೀಪೇಜ್", "ನೀರು" ಎಂದು ಹುಡುಕಿ. ಮಳೆಗಾಲದಲ್ಲಿ ನೀವೇ ಕಳಿಸಿದ ಫೋಟೊ ಸಿಕ್ಕರೆ ಆ ಬಾಬತ್ತು ಅಲ್ಲಿಗೆ ಬಿತ್ತು. ಸಿಂಕ್ ಕೆಳಗೆ ಸೋರುತ್ತಿದ್ದದ್ದನ್ನು ತಿಂಗಳುಗಟ್ಟಲೆ ಹೇಳದೆ ಬಿಟ್ಟು ಮರದ ಕಪಾಟು ಕೊಳೆತಿದ್ದರೆ ಅದರಲ್ಲಿ ನಿಮ್ಮ ಪಾಲೂ ಇದೆ, ಅಷ್ಟನ್ನು ಒಪ್ಪಿ.

ಗೀಸರ್. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದರ ಹೆಸರಿನಲ್ಲಿ ಹೋಗುವ ದುಡ್ಡು ಬಹಳ. ಗಡಸು ನೀರು ಕಾದಾಗ ಅದರಲ್ಲಿನ ಲವಣ ಎಲಿಮೆಂಟ್ ಮೇಲೆ ಬಿಳಿ ಸುಣ್ಣದಂತೆ ಪದರ ಕಟ್ಟುತ್ತದೆ. ಪದರ ದಪ್ಪವಾದಂತೆ ಶಾಖ ನೀರಿಗೆ ಹೋಗದೆ ಎಲಿಮೆಂಟಿನಲ್ಲೇ ಉಳಿದು ಅದು ಸುಟ್ಟುಹೋಗುತ್ತದೆ. ಬಿಚ್ಚಿದ ಎಲಿಮೆಂಟ್ ನೋಡಿದರೆ ಗೊತ್ತಾಗುತ್ತದೆ: ತಾಮ್ರದ ಬಣ್ಣವೇ ಕಾಣದಷ್ಟು ಹೆಕ್ಕಳೆ ಕಟ್ಟಿದ್ದರೆ ಅದು ನೀರಿನ ಕೆಲಸ, ಸಹಜ ಸವೆತ. ಹಳೆಯ ಭಾಗ ಎಸೆಯಬೇಡಿ ಎಂದು ಮೊದಲ ಮೆಸೇಜಿನಲ್ಲೇ ಬರೆಯುವುದು ಇದಕ್ಕೇ. ಎಲಿಮೆಂಟ್, ಥರ್ಮೋಸ್ಟಾಟ್ ಮಾತ್ರ ಹೋಗಿದ್ದಾಗ ಹೊಸ ಗೀಸರಿನ ಬೆಲೆ ಹಿಡಿಯುವುದಂತೂ ಯಾವ ಲೆಕ್ಕದಲ್ಲೂ ಸರಿಯಲ್ಲ.

ನಿಜಕ್ಕೂ ನಿಮ್ಮಿಂದ ಹಾಳಾದ ವಸ್ತುವಿಗೂ ಹೊಸದರ ಪೂರ್ತಿ ಬೆಲೆ ಬರಬಾರದು. 8,000 ರೂ.ಗಳ ವಸ್ತು ಎಂಟು ವರ್ಷ ಬಾಳುತ್ತದೆ ಎಂದಿಟ್ಟುಕೊಳ್ಳಿ. ಆರು ವರ್ಷ ಹಳೆಯದಾಗಿದ್ದರೆ ಉಳಿದ ಬೆಲೆ 2,000 ರೂ. ಇದಕ್ಕೆ ಸರ್ಕಾರಿ ಕೋಷ್ಟಕವೇನೂ ಇಲ್ಲ, ಆದರೆ ನಿಜವಾದ ನಷ್ಟ ಮಾತ್ರ ಎಂಬ ತತ್ವಕ್ಕೆ ಇದು ನೇರವಾಗಿ ಹೊಂದುವ ಲೆಕ್ಕ. ಎಷ್ಟು ವರ್ಷ ಹಳೆಯದು ಎನ್ನುವುದಕ್ಕೆ ವಸ್ತುವಿನ ಮೇಲಿನ ಸ್ಟಿಕ್ಕರಿನಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ.

ಬಚ್ಚಲ ಬಾಗಿಲು. ಕೆಳ ಅಂಚು ನೀರು ಕುಡಿದು ಉಬ್ಬಿ ಪದರ ಬಿಟ್ಟುಕೊಂಡಿದ್ದರೆ, ಆ ಅಂಚಿಗೆ ಅಲ್ಯೂಮಿನಿಯಂ ತಗಡು ಬಡಿದಿತ್ತೇ, ಬಣ್ಣ ಇತ್ತೇ ನೋಡಿ. ಇಲ್ಲದಿದ್ದರೆ ಬಳಸಿದ ಯಾರ ಕೈಯಲ್ಲೂ ಅದು ಉಬ್ಬುತ್ತಿತ್ತು.

ಕ್ಲೀನಿಂಗ್. ಚಿಮಣಿಯ ಜಿಡ್ಡು, ಒಲೆ ಹಿಂದಿನ ಟೈಲ್ಸ್ ಮೇಲಿನ ಎಣ್ಣೆ ನೀವು ತೆಗೆಯಬೇಕಾದ್ದು. ಒರೆಸಿ ಗುಡಿಸಿ ಕೊಟ್ಟ ಮನೆಗೆ ಡೀಪ್ ಕ್ಲೀನಿಂಗ್ ಬಿಲ್ ಹಾಕಿದರೆ ವಿಡಿಯೊ ತೋರಿಸಿ. ಬಿಲ್ಲಿನ ತಾರೀಕು, ವಿಳಾಸ ನೋಡಿ. "ಎಸ್ಟಿಮೇಟ್", "ಕೊಟೇಶನ್" ಎಂದಿರುವ ಚೀಟಿ ಬಿಲ್ ಅಲ್ಲ, ಖರ್ಚು ಆಗಿದೆ ಎಂಬುದಕ್ಕೆ ಅದು ಸಾಕ್ಷಿಯಾಗುವುದಿಲ್ಲ. ಜಿಎಸ್‌ಟಿ ನಂಬರ್ ಇದ್ದರೆ ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿ ನೋಡಬಹುದು, ಯಾರ ಹೆಸರಿನಲ್ಲಿದೆ ಎಂದು ತಿಳಿಯುತ್ತದೆ.

ನೋಟಿಸ್ ಅವಧಿ. ಎರಡು ತಿಂಗಳ ನೋಟಿಸ್ ಎಂದಿದ್ದು ನೀವು ಒಂದೇ ತಿಂಗಳು ಕೊಟ್ಟಿದ್ದರೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ. ನೀವು ಬಿಟ್ಟ ವಾರದಲ್ಲೇ ಹೊಸಬರು ಬಂದಿದ್ದರೆ ಓನರಿಗೆ ಆದ ನಷ್ಟ ಒಂದು ವಾರದ್ದು ಮಾತ್ರ ಎಂದು 74ನೇ ಕಲಂ ಹಿಡಿದು ಕೇಳಬಹುದು. ಹೊಸ ಬಾಡಿಗೆದಾರರು ಬಂದ ತಾರೀಕನ್ನು ಅಕ್ಕಪಕ್ಕದವರಿಂದಲೋ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರಿಂದಲೋ ತಿಳಿದುಕೊಳ್ಳಿ.

ಕರೆಂಟು, ನೀರು, ಮೇಂಟೆನೆನ್ಸ್ ಬಾಕಿ ಇದ್ದರೆ ತಕರಾರಿಲ್ಲದೆ ಕೊಡಿ, ಬಿಲ್ ಪ್ರತಿ ಮಾತ್ರ ಕೇಳಿ.

ಉತ್ತರದ ಲೆಕ್ಕ

ವಿವರ ಬಂದ ಮೇಲೆ ಇಡೀ ಲೆಕ್ಕ ಒಂದೇ ಪುಟದಲ್ಲಿ ಕಳಿಸಿ. ಮೇಲಿನ ಉದಾಹರಣೆಯ ಮನೆಯನ್ನೇ ತೆಗೆದುಕೊಂಡರೆ, ಬಾಡಿಗೆ 25,000, ಅಡ್ವಾನ್ಸ್ ಆರು ತಿಂಗಳದ್ದು:

ಪೇಂಟಿಂಗ್ 25,000: ಅಗ್ರಿಮೆಂಟಿನಂತೆ ಪೂರ್ತಿ ಒಪ್ಪಿಗೆ.
ಬೆಸ್ಕಾಂ 1,840: ಒಪ್ಪಿಗೆ.
ಹರಿದ ಸೊಳ್ಳೆ ಜಾಲರಿ 2,400: ನಮ್ಮಿಂದ ಆದದ್ದು, ಒಪ್ಪಿಗೆ.
ಕ್ಲೀನಿಂಗ್ 6,000: ಚಿಮಣಿಗೆ 2,000 ಒಪ್ಪಿಗೆ, ಉಳಿದ 4,000ಕ್ಕೆ ತಕರಾರು, ವಿಡಿಯೊ ಇದೆ.
ಗೀಸರ್ 7,500: ಗಡಸು ನೀರಿನ ಸವೆತ, ಪೂರ್ತಿ ತಕರಾರು.
ಬಚ್ಚಲ ಬಾಗಿಲು 8,000: ಸವೆತ, ಪೂರ್ತಿ ತಕರಾರು.

ಒಪ್ಪಿದ್ದು 31,240 ರೂ. ಬರಬೇಕಾದ್ದು 19,500 ರೂ. ಹೀಗೆ ಬರೆದಾಗ ನೀವು ಎಲ್ಲವನ್ನೂ ಅಲ್ಲಗಳೆಯುವವರಲ್ಲ ಎಂಬುದು ಓನರಿಗೂ ಕಾಣುತ್ತದೆ, ಮುಂದೆ ಈ ಕಾಗದ ನೋಡುವ ಮೂರನೆಯವರಿಗೂ ಕಾಣುತ್ತದೆ. ಜಾಲರಿಯ 2,400 ರೂ.ಗಳನ್ನು ಒಪ್ಪಿದ್ದರಿಂದಲೇ ಬಾಗಿಲಿನ 8,000ಕ್ಕೆ ನಿಮ್ಮ ಮಾತು ನಂಬಿಕೆಗೆ ಬರುತ್ತದೆ. ಬಹುಪಾಲು ತಕರಾರು ಈ ಹಂತದಲ್ಲೇ, ಸ್ವಲ್ಪ ಕೊಟ್ಟು ತಗೊಂಡು ಮುಗಿಯುತ್ತದೆ.

ಮುಗಿಯದಿದ್ದರೆ ನೋಟಿಸ್

ನೋಟಿಸನ್ನು ನೀವೇ ಬರೆದರೂ ನಡೆಯುತ್ತದೆ. ವಕೀಲರ ಲೆಟರ್‌ಹೆಡ್ಡಿನಲ್ಲಿ ಹೋದರೆ ತೂಕ ಹೆಚ್ಚು. ಅದರಲ್ಲಿ ಇರಬೇಕಾದ್ದು: ಅಗ್ರಿಮೆಂಟಿನ ತಾರೀಕು, ಅಡ್ವಾನ್ಸ್ ಕೊಟ್ಟ ಬಗೆ ಮತ್ತು ಬ್ಯಾಂಕಿನ ವಹಿವಾಟು ಸಂಖ್ಯೆ, ಖಾಲಿ ಮಾಡಿದ ತಾರೀಕು, ಬಾಬತ್ತುವಾರು ತಕರಾರು, ಬರಬೇಕಾದ ಮೊತ್ತ, 15 ದಿನಗಳ ಗಡುವು. ಜೊತೆಗೆ ಒಂದು ಸಾಲನ್ನು ಮರೆಯದೆ ಸೇರಿಸಿ: ಗಡುವಿನೊಳಗೆ ಕೊಡದಿದ್ದರೆ ಈ ನೋಟಿಸಿನ ತಾರೀಕಿನಿಂದ ಬಡ್ಡಿ ಕೇಳುತ್ತೇವೆ. 1978ರ ಬಡ್ಡಿ ಕಾಯ್ದೆಯಡಿ ಹೀಗೆ ಬರವಣಿಗೆಯಲ್ಲಿ ಕೇಳಿದ ದಿನದಿಂದ ಬಡ್ಡಿ ಕೊಡಿಸುವ ಅಧಿಕಾರ ಕೋರ್ಟಿಗೆ ಇದೆ. ಈ ಸಾಲಿಲ್ಲದ ನೋಟಿಸುಗಳೇ ಹೆಚ್ಚು.

ಅಗ್ರಿಮೆಂಟಿನಲ್ಲಿರುವ ಓನರ್ ಹೆಸರಿಗೇ, ಅಲ್ಲಿರುವ ವಿಳಾಸಕ್ಕೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಬ್ರೋಕರಿಗೆ ಕಳಿಸಿದರೆ ಪ್ರಯೋಜನವಿಲ್ಲ. ಓನರ್ ವಿದೇಶದಲ್ಲಿದ್ದು ಇಲ್ಲಿ ಜಿಪಿಎ (ಅವರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಹೊಂದಿದವರು ಸಹಿ ಹಾಕಿದ್ದರೆ ಇಬ್ಬರಿಗೂ ಕಳಿಸಿ. ಮಧ್ಯೆ ಮನೆ ಮಾರಾಟವಾಗಿದ್ದರೆ ಹಳೆಯ, ಹೊಸ ಮಾಲೀಕರಿಬ್ಬರಿಗೂ ಹೋಗಲಿ. ತಲುಪಿದ ದಾಖಲೆಯನ್ನು ಇಂಡಿಯಾ ಪೋಸ್ಟ್ ಟ್ರ್ಯಾಕಿಂಗ್ ಪುಟದಿಂದ ಆಗಲೇ ಪ್ರಿಂಟ್ ತೆಗೆದಿಡಿ. "ತೆಗೆದುಕೊಳ್ಳಲು ನಿರಾಕರಿಸಿದರು" ಎಂದು ಲಕೋಟೆ ವಾಪಸ್ ಬಂದರೆ ಅದನ್ನು ಒಡೆಯದೆ ಹಾಗೇ ಇಟ್ಟುಕೊಳ್ಳಿ. ನಿರಾಕರಿಸಿದ್ದೂ ತಲುಪಿದಂತೆಯೇ ಎಂದು ವಾದಿಸಲು ಅದೇ ಆಧಾರ.

ಲೋಕ ಅದಾಲತ್, ಕೋರ್ಟು

19,500 ರೂ.ಗೆ ದಾವೆ ಹೂಡಿದರೆ ಖರ್ಚು, ಓಡಾಟ ಎರಡೂ ಮೊತ್ತಕ್ಕೆ ಮೀರುತ್ತದೆ. ಇಂಥ ಮೊತ್ತಕ್ಕೆ ಸರಿಯಾದ ಜಾಗ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಕೇಸ್ ಹಾಕುವ ಮುಂಚೆಯೇ ಲೋಕ ಅದಾಲತ್‌ಗೆ ಅರ್ಜಿ ಕೊಡಬಹುದು, ಶುಲ್ಕವಿಲ್ಲ. ಪ್ರಾಧಿಕಾರ ಓನರಿಗೆ ನೋಟಿಸ್ ಕಳಿಸುತ್ತದೆ. ಅವರು ಬರಲೇಬೇಕು, ಒಪ್ಪಲೇಬೇಕು ಎಂಬ ಬಲವಂತ ಅದಕ್ಕಿಲ್ಲ. ಆದರೆ ಸರ್ಕಾರಿ ಮೊಹರಿನ ಕಾಗದ ಬಂದಾಗ ಮಾತಿಗೆ ಬರುವವರು ಅನೇಕರು. ಒಪ್ಪಂದವಾದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 21ನೇ ಕಲಂನಂತೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ (ತೀರ್ಪಿನ ಆದೇಶಕ್ಕೆ) ಸಮ, ಅದರ ಮೇಲೆ ಅಪೀಲಿಲ್ಲ. ರಾಜ್ಯ ಪ್ರಾಧಿಕಾರದ ಕಚೇರಿ ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ, ಸಹಾಯವಾಣಿ 15100. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಕೇಳುವ ಹಕ್ಕಿದೆ.

ಮೊತ್ತ ಲಕ್ಷ ದಾಟಿದ್ದರೆ, ಅಥವಾ ಅಡ್ವಾನ್ಸ್ ಪೂರ್ತಿಯೇ ಬಂದಿಲ್ಲದಿದ್ದರೆ ವಸೂಲಿ ದಾವೆ ಯೋಚಿಸಿ. "ಇಷ್ಟು ಕೊಡಬೇಕು, ಮುಂದಿನ ತಿಂಗಳು ಕೊಡ್ತೀನಿ" ಎಂದು ಓನರ್ ಬರೆದು ಕೊಟ್ಟಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದಡಿ ಸಮರಿ ದಾವೆ (ಬೇಗ ಮುಗಿಸುವ ಸಂಕ್ಷಿಪ್ತ ವಿಚಾರಣೆ) ಸಾಧ್ಯವೇ ಎಂದು ವಕೀಲರನ್ನು ಕೇಳಿ; ಅದರಲ್ಲಿ ಎದುರು ವಾದಿಸಲು ಓನರ್ ಮೊದಲು ಕೋರ್ಟಿನ ಅನುಮತಿ ಪಡೆಯಬೇಕು. ಅಗ್ರಿಮೆಂಟಿನ ಸ್ಟಾಂಪ್ ಶುಲ್ಕ ಕಡಿಮೆಯಿದ್ದರೆ 1957ರ ಕರ್ನಾಟಕ ಸ್ಟಾಂಪ್ ಕಾಯ್ದೆಯ 34ನೇ ಕಲಂನಂತೆ ಕೊರತೆ ಶುಲ್ಕ ಮತ್ತು ದಂಡ ಕಟ್ಟುವವರೆಗೆ ಅದು ಸಾಕ್ಷ್ಯವಾಗುವುದಿಲ್ಲ, ಈ ಖರ್ಚನ್ನು ಮೊದಲೇ ಲೆಕ್ಕ ಹಾಕಿ.

ವಾಟ್ಸಾಪ್ ಮಾತುಕತೆ ಕೋರ್ಟಿನಲ್ಲಿ ನಿಲ್ಲಬೇಕಾದರೆ ಬರೀ ಸ್ಕ್ರೀನ್‌ಶಾಟ್ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನಂತೆ, ಆ ದಾಖಲೆ ಯಾವ ಫೋನಿನಿಂದ ಹೇಗೆ ತೆಗೆದದ್ದು ಎಂದು ತಿಳಿಸುವ ಪ್ರಮಾಣಪತ್ರ ಬೇಕು. ಹಳೆಯ ಫೋನ್ ಮಾರಬೇಡಿ, ಚಾಟ್ ಅಳಿಸಬೇಡಿ.

ಪೊಲೀಸ್ ಠಾಣೆಯಲ್ಲಿ ಇದನ್ನು ಸಿವಿಲ್ ವ್ಯಾಜ್ಯ ಎಂದು ಕಳಿಸಿಬಿಡುತ್ತಾರೆ. ಓನರ್ ನಿಮ್ಮ ಸಾಮಾನಿಗೆ ಬೀಗ ಹಾಕಿದ್ದರೆ, ಬೆದರಿಸಿದ್ದರೆ ಆಗ ಮಾತ್ರ 112ಕ್ಕೆ ಕರೆ ಮಾಡಿ. ಗ್ರಾಹಕ ಆಯೋಗದಲ್ಲಿ ಸಾಧಾರಣ ಮನೆ ಬಾಡಿಗೆಯ ವ್ಯಾಜ್ಯ ನಿಲ್ಲುವುದು ಕಷ್ಟ. ಊಟ, ಕ್ಲೀನಿಂಗ್, ವೈಫೈ ಸೇರಿಸಿ ದುಡ್ಡು ಪಡೆಯುವ ಪಿಜಿ, ಕೋ-ಲಿವಿಂಗ್ ಕಂಪನಿಗಳ ಮೇಲೆ ಅದು ಒಳ್ಳೆಯ ದಾರಿ. ಅವುಗಳ ಮೇಲೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

ಗಡುವುಗಳು

ದುಡ್ಡು ವಸೂಲಿಗೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆಯಂತೆ ಮೂರು ವರ್ಷ. ಆ ಅವಧಿಯೊಳಗೆ ಓನರ್ ಬಾಕಿ ಇದೆ ಎಂದು ಸಹಿ ಹಾಕಿ ಬರೆದುಕೊಟ್ಟರೆ ಅಲ್ಲಿಂದ ಹೊಸದಾಗಿ ಮೂರು ವರ್ಷ ಎಣಿಕೆಯಾಗುತ್ತದೆ. ಬಾಯಿಮಾತಿನ ಭರವಸೆಗೆ ಆ ಬಲವಿಲ್ಲ.

ಓನರ್ ಚೆಕ್ ಕೊಟ್ಟರೆ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಿ. ದುಡ್ಡಿಲ್ಲವೆಂದು ಬೌನ್ಸ್ ಆದರೆ ವರ್ಗಾವಣೀಯ ಲಿಖಿತಗಳ ಕಾಯ್ದೆಯ 138ನೇ ಕಲಂ ಅನ್ವಯಿಸುತ್ತದೆ: ಬ್ಯಾಂಕಿನ ಮೆಮೊ ಕೈಸೇರಿದ 30 ದಿನಗಳೊಳಗೆ ಬರವಣಿಗೆಯ ನೋಟಿಸ್, ಅದು ತಲುಪಿದ ಮೇಲೆ ಕೊಡಲು ಅವರಿಗೆ 15 ದಿನ, ಆಗಲೂ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು. ಮೆಮೊ ಬಂದ ದಿನವೇ ವಕೀಲರನ್ನು ಕಾಣಿ.